ಮಳೆಗಾಲದ ಭತ್ತಕ್ಕೆ ಲವಂಗದೆಲೆಯ ಆವಿ: ಬೂಷ್ಟು ತಡೆದ ಕೆಲಸದ ದಾಖಲೆ

ಅಂಕೋಲೆಯ ಬದಿಗೆ ಗಂಗಾವಳಿ ಹೊಳೆಯ ಹತ್ತಿರ ನಮ್ಮ ಮನೆ. ನವೆಂಬರಿನಲ್ಲಿ ಒಳಗೆ ಬಂದ ಭತ್ತ ಮುಂದಿನ ಕೊಯ್ಲಿನವರೆಗೆ ಕೆಡದೆ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ತಾಗಿದ ಚೀಲಗಳ ತಳ ಗಂಟುಕಟ್ಟಿ, ಬಿಡಿಸಿದರೆ ಹಸಿರು-ಬೂದು ಧೂಳು ಏಳುತ್ತದೆ. "ಸ್ವಲ್ಪ ಬೂಷ್ಟು, ಒಣಗಿಸಿ ಕೇರಿದರೆ ಆಯಿತು" ಎಂದು ಎಷ್ಟೋ ಮನೆಗಳಲ್ಲಿ ಅದನ್ನೇ ಗಿರಣಿಗೆ ಕಳಿಸುತ್ತಾರೆ, ಕೆಟ್ಟದ್ದನ್ನು ಕೋಳಿಗೆ ಹಾಕುತ್ತಾರೆ. ಆ ಹಸಿರು ಧೂಳಿನಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಜಾತಿಯ ಬೂಷ್ಟು ಇದ್ದರೆ ಅದು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡಬಲ್ಲದು. ಬೂಷ್ಟನ್ನು ಒರೆಸಬಹುದು, ವಿಷ ಕಾಳಿನೊಳಗೇ ಉಳಿಯುತ್ತದೆ. ಅನ್ನ ಬೇಯುವ ಶಾಖಕ್ಕೆ ಅದು ಜಗ್ಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಮರಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಇಷ್ಟು ಗೊತ್ತಾದ ಮೇಲೆ ಕೋಳಿಗೂ ಹಾಕಲು ನನಗೆ ಮನಸ್ಸು ಬರಲಿಲ್ಲ.

ಕಾಳಿಗೆ ರಾಸಾಯನಿಕ ಬೆರೆಸದೆ, ನಮ್ಮ ಜಿಲ್ಲೆಯಲ್ಲೇ ಸಿಗುವ ಗಿಡದ ಎಣ್ಣೆಯ ಆವಿಯಿಂದ ಬೂಷ್ಟು ತಡೆಯಬಹುದೇ ಎಂದು ಒಂದು ವರ್ಷ ಮಾಡಿ ನೋಡಿದೆ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಜನವರಿ: ತೇವ ಅಳೆಯುವ ಸಾಧನ

ಧಾನ್ಯದ ತೇವ ಅಳೆಯುವ ಮೀಟರ್ ಕೊಳ್ಳುವಷ್ಟು ದುಡ್ಡು ಇದಕ್ಕೆ ಹಾಕುವುದು ಬೇಡವಾಗಿತ್ತು. ಗಾಳಿಯ ಆರ್ದ್ರತೆಯನ್ನು ಪ್ರತಿಶತದಲ್ಲಿ ತೋರಿಸುವ, 300 ರೂಪಾಯಿಯ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ತಂದೆ. ಈ ಅಗ್ಗದ ಸಾಧನಗಳು ಒಂದೊಂದು ಒಂದೊಂದು ಅಂಕಿ ತೋರಿಸುತ್ತವೆ. ಅದಕ್ಕೆ ಮೊದಲು ಉಪ್ಪಿನ ಪರೀಕ್ಷೆ: ಬಾಟಲಿ ಮುಚ್ಚಳದಷ್ಟು ಪುಡಿ ಉಪ್ಪಿಗೆ ಕೆಲವೇ ಹನಿ ನೀರು ಹಾಕಿ ಕಲಸಿ, ಹೈಗ್ರೋಮೀಟರ್ ಜೊತೆ ಗಾಜಿನ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಅದು 75 ತೋರಿಸಬೇಕು. ನನ್ನದು 79 ತೋರಿಸಿತು. ಹಾಗಾಗಿ ಮುಂದೆ ಎಲ್ಲ ಓದಿಗೂ 4 ಕಳೆದು ಬರೆದುಕೊಂಡೆ.

ಈ ಪರೀಕ್ಷೆಗೆ ಸಾಣಿಕಟ್ಟಾದ ಹರಳುಪ್ಪು ಬೇಡ, ಪೊಟ್ಟಣದ ಶುದ್ಧ ಉಪ್ಪೇ ಬೇಕು. ಸಮುದ್ರದ ಹರಳುಪ್ಪಿನಲ್ಲಿ ಮೆಗ್ನೀಸಿಯಂ ಲವಣ ಇರುತ್ತದೆ. ಅದು ಹೆಚ್ಚು ನೀರು ಎಳೆದುಕೊಂಡು ಡಬ್ಬಿಯೊಳಗಿನ ಆರ್ದ್ರತೆಯನ್ನು 75ಕ್ಕಿಂತ ಕೆಳಗಿಳಿಸುತ್ತದೆ, ನಿಮ್ಮ ಲೆಕ್ಕ ಪೂರ್ತಿ ಅಡಿಮೇಲು.

ಭತ್ತ ಅಳೆಯುವುದು ಹೀಗೆ: ಒಂದು ಲೀಟರಿನ ಗಾಜಿನ ಭರಣಿಗೆ ಮುಕ್ಕಾಲು ಭತ್ತ ತುಂಬಿ, ನಡುವೆ ಹೈಗ್ರೋಮೀಟರ್ ಹುಗಿದು, ಮುಚ್ಚಿ ನೆರಳಲ್ಲಿ ಒಂದು ರಾತ್ರಿ ಇಡುವುದು. ಮರುದಿನದ ಅಂಕಿ 65ರ ಒಳಗಿದ್ದರೆ ಭತ್ತ ಒಣಗಿದೆ. 70 ದಾಟಿತೆಂದರೆ ದಾಸ್ತಾನಿನ ಬೂಷ್ಟಿಗೆ ಬಾಗಿಲು ತೆರೆದ ಹಾಗೆ. 80ರ ಮೇಲೆ ಹೋದರೆ ಆಸ್ಪರ್ಜಿಲಸ್ ಫ್ಲೇವಸ್‌ಗೆ ಬೇಕಾದ ಜಾಗ ಸಿಕ್ಕಿತು. ಇದಿಲ್ಲದವರಿಗೆ ಇನ್ನೂ ಸುಲಭದ ದಾರಿ ಇದೆ. ಒಣ ಬಾಟಲಿಗೆ ಒಂದು ಹಿಡಿ ಭತ್ತ, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15 ಪ್ರತಿಶತಕ್ಕಿಂತ ಹೆಚ್ಚು, ಆ ಭತ್ತ ಇಡುವಂಥದ್ದಲ್ಲ.

ಫೆಬ್ರವರಿ: ಎಣ್ಣೆ ಇಳಿಸಿದ್ದು

ಲವಂಗದ ಮೊಗ್ಗು ತುಟ್ಟಿ. ಆದರೆ ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಲವಂಗದ ಮರದಡಿ ಉದುರಿದ ಎಲೆ ಯಾರಿಗೂ ಬೇಡ. ಮೊಗ್ಗಿನಲ್ಲಿರುವ, ಬೂಷ್ಟು ತಡೆಯುವ ಯೂಜಿನಾಲ್ ಎಂಬ ಅಂಶ ಎಲೆಯಲ್ಲೂ ಇದೆ. ಎಣ್ಣೆಯ ಪ್ರಮಾಣ ಮಾತ್ರ ಕಡಿಮೆ, ಒಣ ಎಲೆಯ ತೂಕದ ಸುಮಾರು 2 ಪ್ರತಿಶತ. ಶಿರಸಿಯ ನೆಂಟರ ತೋಟದಿಂದ ಎರಡು ಗೋಣಿ ಎಲೆ ದೇವಿಮನೆ ಘಟ್ಟ ಇಳಿದು ಬಂತು. ಮಜ್ಜಿಗೆ ಹುಲ್ಲು ನಮ್ಮ ಬಾವಿಕಟ್ಟೆಯ ಬದಿಯಲ್ಲೇ ಇದೆ. ಅದರಲ್ಲಿ ಅಂಥದ್ದೇ ಕೆಲಸದ ಸಿಟ್ರಾಲ್ ಎಂಬ ಅಂಶ. ದಾಲ್ಚಿನ್ನಿ ಎಲೆಯಲ್ಲೂ ಬಹುಪಾಲು ಯೂಜಿನಾಲೇ ಇರುವುದರಿಂದ ಅದನ್ನು ಬೇರೆಯಾಗಿ ಇಳಿಸಲಿಲ್ಲ. ಚಕ್ಕೆಯ ಸಿನ್ನಮಾಲ್ಡಿಹೈಡ್ ಬೂಷ್ಟಿನ ಮೇಲೆ ಇನ್ನೂ ಜೋರು, ಆದರೆ ಎಣ್ಣೆಗಾಗಿ ಮರದ ಚಕ್ಕೆ ಸುಲಿಯುವುದು ನನಗೆ ಒಪ್ಪಿಗೆಯಲ್ಲ.

ಭಟ್ಟಿಗೆ ಬಳಸಿದ್ದು: ಹಳೆಯ 12 ಲೀಟರ್ ಅಲ್ಯುಮಿನಿಯಂ ಕುಕ್ಕರ್, ಫ್ರಿಜ್ ರಿಪೇರಿ ಅಂಗಡಿಯಿಂದ 10 ಅಡಿ ತಾಮ್ರದ ಕೊಳವೆ, ತಣ್ಣೀರಿನ ಬಕೆಟ್. ಸೀಟಿ ತೆಗೆದು ಆ ಬಾಯಿಗೆ ಹಿತ್ತಾಳೆಯ ಜೋಡಣೆ ಹಾಕಿ ಕೊಳವೆ ಕೂರಿಸಿದೆ. ಸುರಕ್ಷಾ ವಾಲ್ವ್ ಮುಟ್ಟಬಾರದು. ಕೊಳವೆ ಎಲ್ಲೂ ಮಡಚಿ ಮುಚ್ಚಿಕೊಳ್ಳಬಾರದು, ಆವಿ ಸದಾ ಹೊರಗೆ ಹೋಗುತ್ತಿರಬೇಕು. ಒಳಗೆ 2 ಲೀಟರ್ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಪುಡಿಮಾಡಿದ ಎಲೆ 1 ಕಿಲೋ. ಸಣ್ಣ ಉರಿಯಲ್ಲಿ ಮೂರು ಗಂಟೆ. ನಡುವೆ ಒಲೆ ಆರಿಸಿ, ಆವಿ ಪೂರ್ತಿ ಇಳಿದ ಮೇಲೆ ಮತ್ತೆ ನೀರು ತುಂಬಿದ್ದಿದೆ.

ಕೊಳವೆಯ ಕೊನೆಗೆ ಮೊದಲು ಮೆದು ಪ್ಲಾಸ್ಟಿಕ್ ಪೈಪ್ ಜೋಡಿಸಿದ್ದೆ. ಅದು ಅರ್ಧ ಗಂಟೆಯಲ್ಲಿ ಜಿಗುಟಾಗಿ ಬಣ್ಣ ಬಿಟ್ಟಿತು. ಯೂಜಿನಾಲ್ ಪ್ಲಾಸ್ಟಿಕ್ಕನ್ನೂ ರಬ್ಬರನ್ನೂ ತಿನ್ನುತ್ತದೆ. ಕಿತ್ತು ತಾಮ್ರವನ್ನೇ ನೇರ ಗಾಜಿನ ಬಾಟಲಿಗೆ ಇಳಿಸಿದೆ. ಕುಕ್ಕರಿನ ರಬ್ಬರ್ ರಿಂಗ್ ಕೂಡ ಉಬ್ಬಿತು, ಅದು ಇನ್ನು ಈ ಕೆಲಸಕ್ಕೇ ಮೀಸಲು.

ಬಾಟಲಿಗೆ ಬೀಳುವುದು ಹಾಲಿನಂತೆ ಬೆಳ್ಳಗಿನ ನೀರು. ಅಲುಗಾಡಿಸದೆ ರಾತ್ರಿಯಿಡೀ ಬಿಟ್ಟರೆ ನೀರು ತಿಳಿಯಾಗಿ ಎಣ್ಣೆ ಬೇರೆಯಾಗುತ್ತದೆ. ಇಲ್ಲೊಂದು ಗಮನಿಸಬೇಕು: ಮಜ್ಜಿಗೆ ಹುಲ್ಲಿನ ಎಣ್ಣೆ ಮೇಲೆ ತೇಲುತ್ತದೆ, ಲವಂಗದೆಲೆಯದು ನೀರಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ತಿಳಿ ಹಳದಿ ಗುಂಡುಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದು ಕಾಣುತ್ತದೆ. ಮೇಲೆ ಎಣ್ಣೆ ಕಾಣಲಿಲ್ಲವೆಂದು ನೀರನ್ನೆಲ್ಲ ಚೆಲ್ಲಿದರೆ ಮಾಲು ಹೋಯಿತು. ಉದ್ದ ಸೂಜಿಯ ಸಿರಿಂಜಿನಿಂದ ತಳದಿಂದಲೇ ಎಳೆದೆ. ಮೊದಲ ಎರಡು ಸಲ ಕುಕ್ಕರ್ ತುಂಬಿದ್ದಕ್ಕೆ 35 ಮಿಲಿಲೀಟರ್ ಸುತ್ತಮುತ್ತ ಲವಂಗದೆಲೆ ಎಣ್ಣೆ ಬಂತು. ಮಜ್ಜಿಗೆ ಹುಲ್ಲು ಹಸಿಯಾಗಿದ್ದುದರಿಂದ ಇಳುವರಿ ಕಡಿಮೆ, 5 ಕಿಲೋಗೆ 18 ಮಿಲಿಲೀಟರ್. ಎರಡನ್ನೂ ಬಣ್ಣದ ಗಾಜಿನ ಸೀಸೆಯಲ್ಲಿ ಕತ್ತಲಲ್ಲಿಡಬೇಕು. ಕಬ್ಬಿಣ ತಾಗಿದರೆ ಲವಂಗದ ಎಣ್ಣೆ ಕಪ್ಪಾಗುತ್ತದೆ.

ಈ ಎಣ್ಣೆ ಚರ್ಮಕ್ಕೆ ಬಿದ್ದರೆ ಉರಿ, ಕಣ್ಣಿಗೆ ಹೋದರೆ ಆಸ್ಪತ್ರೆಯೇ ಗತಿ. ಮಕ್ಕಳು ಕುಡಿದರೆ ಪ್ರಾಣಕ್ಕೇ ಅಪಾಯ. ಸೀಸೆಯ ಮೇಲೆ ದೊಡ್ಡದಾಗಿ ಬರೆದು ಎತ್ತರದಲ್ಲಿಡಿ.

ಮಾರ್ಚ್: ಭರಣಿ ಪರೀಕ್ಷೆ

ಬೇಕೆಂದೇ ತೇವ ಮಾಡಿದ ಭತ್ತದ ಮೇಲೆ ನೋಡಬೇಕಿತ್ತು. 13 ಪ್ರತಿಶತ ತೇವದ 250 ಗ್ರಾಂ ಭತ್ತವನ್ನು 18ಕ್ಕೆ ಏರಿಸಲು ಸುಮಾರು 15 ಮಿಲಿಲೀಟರ್ ನೀರು ಸಾಕು. ಚಿಮುಕಿಸಿ, ಕುಲುಕಿ, ಮುಚ್ಚಿ ಒಂದು ದಿನ ಬಿಟ್ಟರೆ ಸಮನಾಗಿ ಹೀರಿಕೊಳ್ಳುತ್ತದೆ. ಒಂದು ಲೀಟರಿನ ಭರಣಿಗಳಲ್ಲಿ ಇದನ್ನು ಹಾಕಿ, ಎಣ್ಣೆಯನ್ನು ಕಾಳಿಗೆ ತಾಗದ ಹಾಗೆ ಮುಚ್ಚಳದ ಒಳಗೆ ಕಟ್ಟಿದ ಹತ್ತಿಗೆ ಬಿಟ್ಟೆ. ಒಂದು ಬರೀ ಭತ್ತ. ಒಂದಕ್ಕೆ ಲವಂಗದೆಲೆ ಎಣ್ಣೆ 5 ಹನಿ, ಇನ್ನೊಂದಕ್ಕೆ 10 ಹನಿ. ಮಜ್ಜಿಗೆ ಹುಲ್ಲಿನದು 10 ಹನಿ. ಉಳಿದೆರಡರಲ್ಲಿ ಒಣ ಬೇವಿನೆಲೆ, ಒಣ ಲಕ್ಕಿ ಸೊಪ್ಪು.

ಬರೀ ಭತ್ತದ ಭರಣಿಯಲ್ಲಿ ವಾರದೊಳಗೆ ಬಿಳಿ ನೂಲು ಕಂಡಿತು, ಆಮೇಲೆ ಅದು ಹಸಿರಾಯಿತು. ಬೇವು, ಲಕ್ಕಿಯ ಭರಣಿಗಳಲ್ಲೂ ಅದೇ. ನಮ್ಮ ಹಿರಿಯರು ಕಣಜಕ್ಕೆ ಈ ಸೊಪ್ಪು ಹಾಕುತ್ತಿದ್ದದ್ದು ಹುಳಕ್ಕೆ, ಆ ಕೆಲಸ ಅವು ಚೆನ್ನಾಗಿಯೇ ಮಾಡುತ್ತವೆ. ಬೂಷ್ಟಿಗೆ ಒಣ ಎಲೆಯಿಂದ ಹೊರಡುವ ಆವಿ ಸಾಲದು. ಪೂರ್ತಿ ಒಣಗದ ಎಲೆ ಹಾಕಿದರೆ ತೇವವನ್ನೇ ಒಳಗೆ ಕೊಟ್ಟಂತಾಗುತ್ತದೆ. ಬಜೆಯ ಬೇರನ್ನು ಹಾಕುವ ರೂಢಿಯೂ ಇದೆ. ಅದರಲ್ಲಿ ಬೀಟಾ ಅಸರೋನ್ ಎಂಬ ಹಾನಿಕಾರಕ ಅಂಶ ಇರುವುದರಿಂದ ಉಣ್ಣುವ ಭತ್ತಕ್ಕೆ ಬೇಡವೆಂದು ಬಿಟ್ಟೆ.

5 ಹನಿಯ ಭರಣಿ ಬೂಷ್ಟನ್ನು ತಡಮಾಡಿತು, ತಡೆಯಲಿಲ್ಲ. 10 ಹನಿಯ ಎರಡೂ ಭರಣಿಗಳು ತಿಂಗಳು ಕಳೆದರೂ ಸ್ವಚ್ಛ. ಇಲ್ಲಿಗೇ ನಿಲ್ಲಿಸಿದ್ದರೆ ಎಣ್ಣೆ ಬೂಷ್ಟನ್ನು ಕೊಂದಿತು ಎಂದೇ ಬರೆದುಕೊಳ್ಳುತ್ತಿದ್ದೆ. ಹತ್ತಿ ತೆಗೆದು, ಎರಡು ದಿನ ತೆರೆದಿಟ್ಟು ವಾಸನೆ ಹೋಗಲು ಬಿಟ್ಟು, ಮತ್ತೆ ಮುಚ್ಚಿದೆ. ಹತ್ತು ದಿನದೊಳಗೆ ಎರಡರಲ್ಲೂ ನೂಲು ಬಂತು. ಆವಿ ಇರುವಷ್ಟು ದಿನ ಬೀಜಕಣಗಳು ಮೊಳೆಯದೆ ಕೂತಿರುತ್ತವೆ, ಹೋದ ತಕ್ಷಣ ಎದ್ದು ಬರುತ್ತವೆ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಇದು. ಒದ್ದೆ ಭತ್ತಕ್ಕೆ ಎಣ್ಣೆ ಪರಿಹಾರವಲ್ಲ. ಒಣಗಿದ ಭತ್ತಕ್ಕೆ ಆಕಸ್ಮಿಕವಾಗಿ ತಾಗುವ ತೇವದ ಎದುರು ಅದು ಕಾವಲು, ಅಷ್ಟೇ. ಮುಂದಿನ ಯೋಜನೆಯನ್ನೆಲ್ಲ ಇದರ ಮೇಲೆ ಬದಲಿಸಿದೆ.

ಬೂಷ್ಟು ಬಂದ ಭರಣಿಗಳನ್ನು ಅಡುಗೆಮನೆಯಲ್ಲಿ ತೆರೆಯಲಿಲ್ಲ. ಎನ್-95 ಮಾಸ್ಕ್ ಹಾಕಿಕೊಂಡು, ಗಾಳಿಗೆ ಬೆನ್ನು ಮಾಡಿ, ಕುದಿನೀರು ಹೊಯ್ದು, ಬಾವಿಯಿಂದ ದೂರ ಗುಂಡಿ ತೋಡಿ ಹುಗಿದೆ.

ಮೇ: ಒಣಗಿಸಿದ್ದು, ಡ್ರಮ್ ತುಂಬಿದ್ದು

ಮೇ ಮೊದಲ ವಾರ ಭತ್ತವನ್ನು ಅಂಗಳದಲ್ಲಿ ತಾಡಪಾಲಿನ ಮೇಲೆ ಎರಡು ಬೆರಳು ದಪ್ಪಕ್ಕೆ ಹರಡಿ ಗಂಟೆಗೊಮ್ಮೆ ಕಾಲಾಡಿಸಿದೆ. ಭರಣಿಯ ಅಂಕಿ 71ರಿಂದ 61ಕ್ಕೆ ಇಳಿಯಲು ಮೂರು ಬಿಸಿಲು ಬೇಕಾಯಿತು. ಬಿಸಿಯಾಗಿದ್ದಾಗಲೇ ಡ್ರಮ್ಮಿಗೆ ತುಂಬಿದರೆ ತಣಿಯುವಾಗ ಒಳಗೆ ನೀರು ಕೂರುತ್ತದೆ. ಹಾಗೆಂದು ರಾತ್ರಿಯವರೆಗೆ ಬಿಟ್ಟರೆ ಕಡಲಗಾಳಿಯ ತೇವ ಹೀರುತ್ತದೆ. ನಾಲ್ಕು ಗಂಟೆಗೆ ರಾಶಿ ಮಾಡಿ, ಜಗಲಿಯ ನೆರಳಲ್ಲಿ ತಣಿಸಿ, ದೀಪ ಹಚ್ಚುವ ಮೊದಲು ತುಂಬಿ ಮುಚ್ಚಿದೆ.

200 ಲೀಟರಿನ ನೀಲಿ ಡ್ರಮ್, ಕಬ್ಬಿಣದ ಪಟ್ಟಿಯಿಂದ ಬಿಗಿಯುವ ಮುಚ್ಚಳದ್ದು. ಹಿಂದೆ ತಿನ್ನುವ ಸಾಮಾನು ತುಂಬಿದ್ದ ಡ್ರಮ್ ಎಂದು ಖಚಿತ ಮಾಡಿಕೊಂಡೇ ತಂದೆ. ಒಂದರಲ್ಲಿ 110 ಕಿಲೋ ಭತ್ತ ಹಿಡಿಯಿತು. ಒಂದನೇ ಡ್ರಮ್ಮಿಗೆ ಒಣ ಭತ್ತ ಮಾತ್ರ, ಎರಡನೆಯದಕ್ಕೆ ಒಣ ಭತ್ತ ಮತ್ತು ಲವಂಗದೆಲೆ ಎಣ್ಣೆ. ಹೋಲಿಸಿ ನೋಡಲು ಒಂದು ಗೋಣಿಚೀಲ ಎಂದಿನಂತೆ ಹಲಗೆಯ ಮೇಲೆ.

ಎಣ್ಣೆಯನ್ನು ಯಾವುದಕ್ಕೆ ಹೀರಿಸುವುದು ಎಂಬುದಕ್ಕೆ ಹೊತ್ತು ಹಿಡಿಯಿತು. ಹತ್ತಿಗೆ ಹಾಕಿದರೆ ಬೇಗ ಹಾರಿಹೋಗುತ್ತದೆ. ಇದ್ದಿಲು ಎಣ್ಣೆಯನ್ನು ಹಿಡಿದಿಟ್ಟುಕೊಂಡು ವಾಸನೆಯನ್ನೇ ಬಿಡಲಿಲ್ಲ. ಕೊನೆಗೆ ಒಪ್ಪಿದ್ದು ಮಂಗಳೂರು ಹೆಂಚಿನ ಚೂರು. ಒಡೆದು ಹುಣಸೆಬೀಜದ ಗಾತ್ರ ಮಾಡಿ, ತೊಳೆದು, ಬಾಣಲೆಯಲ್ಲಿ ಹುರಿದು ತೇವ ತೆಗೆದು, ತಣಿದ ಮೇಲೆ ಎಣ್ಣೆ ಬಿಟ್ಟರೆ ಒಳಗೆ ಎಳೆದುಕೊಂಡು ನಿಧಾನವಾಗಿ ಬಿಡುತ್ತದೆ. 300 ಗ್ರಾಂ ಚೂರಿಗೆ 25 ಮಿಲಿಲೀಟರ್ ಎಣ್ಣೆ.

ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಭತ್ತದ ಮೇಲಿಟ್ಟು ನೋಡಿದಾಗ ವಾರ ಕಳೆದರೂ ತಳದ ಭತ್ತಕ್ಕೆ ವಾಸನೆಯೇ ಇಳಿದಿರಲಿಲ್ಲ. ಅದಕ್ಕೆ ಡ್ರಮ್ಮಿನಷ್ಟೇ ಉದ್ದದ ಒಣ ಬಿದಿರು ತಂದು, ಒಳಗಿನ ಗಂಟುಗಳನ್ನು ಸರಳಿನಿಂದ ಒಡೆದು, ಗೇಣಿಗೆ ನಾಲ್ಕರಂತೆ 3 ಮಿಲಿಮೀಟರಿನ ತೂತು ಕೊರೆದೆ. ಅದಕ್ಕೆ ಚೂರು ತುಂಬಿ, ಡ್ರಮ್ಮಿನ ನಡುವೆ ನಿಲ್ಲಿಸಿ, ಸುತ್ತ ಭತ್ತ ಸುರಿದೆ. ತೂತು ಭತ್ತದ ಕಾಳಿಗಿಂತ ದೊಡ್ಡದಾಗಬಾರದು. ಈಗ ಮೂರೇ ದಿನಕ್ಕೆ ತಳದವರೆಗೆ ವಾಸನೆ. ಚೂರು ಬದಲಿಸಲು ಭತ್ತ ಕೆದಕುವ ಕೆಲಸವೂ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್

ಗೋಣಿಚೀಲದ ಅಂಕಿ ಜುಲೈ ನಡುವಿಗೆ 82. ಗೋಡೆಯ ಬದಿ ಗಂಟು, ತಳದಲ್ಲಿ ಹಸಿರು, ಜೊತೆಗೆ ಹುಳ. ಎರಡೂ ಡ್ರಮ್ಮುಗಳು 63-65ರಲ್ಲೇ ನಿಂತಿದ್ದವು. ಎಣ್ಣೆಯಿಲ್ಲದ ಡ್ರಮ್ಮೂ ಒಳ್ಳೆಯದಾಗಿಯೇ ಇತ್ತು ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಒಣಗಿಸಿ ಬಿಗಿಯಾಗಿ ಮುಚ್ಚಿದ್ದೇ ಮುಕ್ಕಾಲು ಕೆಲಸ ಮಾಡಿದೆ. ಎಣ್ಣೆ ಇಳಿಸಲು ಪುರಸೊತ್ತಿಲ್ಲದವರು ಇಷ್ಟು ಮಾಡಿದರೂ ಮನೆಯವರ ಹೊಟ್ಟೆಗೆ ವಿಷ ಹೋಗುವುದು ಬಹಳಷ್ಟು ತಪ್ಪುತ್ತದೆ.

ಎಣ್ಣೆಯ ಬೆಲೆ ಗೊತ್ತಾದದ್ದು ಆಗಸ್ಟಿನಲ್ಲಿ. ಮಳೆ ಬಿಡುವು ಕೊಟ್ಟು ಕೆಲವು ದಿನ ಚುರುಕು ಬಿಸಿಲು ಬಂತು. ಪಶ್ಚಿಮದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಎರಡೂ ಡ್ರಮ್ಮುಗಳ ಮೇಲೆ ಬಿದ್ದು, ರಾತ್ರಿ ತಣಿದು, ಮುಚ್ಚಳದ ಒಳಮೈಯಲ್ಲಿ ನೀರು ಕೂತಿತು. ಗಿರಣಿಗೆ ಭತ್ತ ತೆಗೆಯಲು ತೆರೆದಾಗ ಮುಚ್ಚಳದ ತುಂಬ ಸಾಸಿವೆಯಷ್ಟು ಹನಿಗಳು, ಅಲುಗಿಸಿದರೆ ಕೆಳಗೆ ಬೀಳುತ್ತಿದ್ದವು. ಒಂದನೇ ಡ್ರಮ್ಮಿನ ಮೇಲ್ಪದರದಲ್ಲಿ ಅಂಗೈಯಗಲ ಭತ್ತ ಗಂಟುಕಟ್ಟಿ, ಸಿಪ್ಪೆಯ ತುದಿಗೆ ಬಿಳಿ ನೂಲು ಹತ್ತಿ, ನಡುವೆ ಹಸಿರು ಚುಕ್ಕೆ ಇತ್ತು. ಎರಡನೆಯದರಲ್ಲೂ ಮೇಲ್ಪದರ ಒದ್ದೆಯೇ. ಆದರೆ ಲೆನ್ಸ್ ಹಿಡಿದು ಹುಡುಕಿದರೂ ನೂಲಿಲ್ಲ. ಅದೇ ಕೋಣೆ, ಅದೇ ಭತ್ತ, ಅಷ್ಟೇ ನೀರು.

ಒಂದನೆಯದರ ಮೇಲಿನ ಒಂದು ಗೇಣು ಭತ್ತವನ್ನು ತೆಗೆದು ಹುಗಿದೆ. ಎರಡನೆಯದರ ಮೇಲ್ಪದರವನ್ನು ಅದೇ ದಿನ ಹರಡಿ ಒಣಗಿಸಿ ವಾಪಸ್ ಹಾಕಿದೆ. ಡ್ರಮ್ಮುಗಳನ್ನು ಕಿಟಕಿಯಿಂದ ಒಳಗೆ ಸರಿಸಿ, ಗೋಡೆಗೆ ಒಂದು ಗೇಣು ಜಾಗ ಬಿಟ್ಟು ಹಲಗೆಯ ಮೇಲಿಟ್ಟೆ. ಮುಚ್ಚಳದಡಿ ನಾಲ್ಕು ಮಡಿಕೆಯ ಹಳೆ ಪಂಚೆ ಹಾಸಿದೆ, ಹನಿ ಕೂತರೂ ಅದು ಹೀರಿಕೊಳ್ಳಲಿ ಎಂದು. ಆಮೇಲೆ ಗಂಟು ಕಾಣಲಿಲ್ಲ. ಪ್ರತಿ ಸಲ ಭತ್ತ ತೆಗೆದಾಗ ಬಿದಿರಿನ ಮೇಲ್ಭಾಗದ ಚೂರಿಗೆ 5 ಮಿಲಿಲೀಟರ್ ಎಣ್ಣೆ ಮತ್ತೆ ಬಿಟ್ಟೆ.

ಸೆಪ್ಟೆಂಬರ್ ಕೊನೆಗೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದೆ. ಅಫ್ಲಾಟಾಕ್ಸಿನ್ ವಿಷ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ, ಒಂದು ಕಡೆ ಶೂನ್ಯ, ಒಂದು ಗೇಣು ಆಚೆ ವಿಪರೀತ. ಒಂದು ಹಿಡಿ ಕಳಿಸಿದರೆ ಅರ್ಥವಿಲ್ಲ. ಮೇಲೆ, ನಡುವೆ, ತಳ, ಬದಿ ಎಲ್ಲ ಕಡೆಯಿಂದ ತೆಗೆದು ಸುಮಾರು 5 ಕಿಲೋ ಬೆರೆಸಿ, ರಾಶಿಯನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಮತ್ತೆ ಹಾಗೇ ಮಾಡುತ್ತ 1 ಕಿಲೋಗೆ ಇಳಿಸಿದೆ. ನಮ್ಮ ದೇಶದಲ್ಲಿ ಧಾನ್ಯಕ್ಕೆ ಇರುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಎರಡನೇ ಡ್ರಮ್ಮಿನದು ಪತ್ತೆಯಾಗುವ ಮಟ್ಟಕ್ಕಿಂತ ಕೆಳಗೆ ಎಂದು ಬಂತು. ಗೋಣಿಚೀಲದ್ದು ಮಿತಿ ದಾಟಿತ್ತು. ಆ ಚೀಲವನ್ನು ದನಕ್ಕೂ ಹಾಕಲಿಲ್ಲ. ಹಸು ತಿಂದ ಅಫ್ಲಾಟಾಕ್ಸಿನ್ ಎಂ-1 ಎಂಬ ರೂಪದಲ್ಲಿ ಹಾಲಿಗೆ ಬರುತ್ತದೆ, ಆ ಹಾಲು ಕುಡಿಯುವುದು ಮನೆಯ ಮಕ್ಕಳೇ.

ಕುಚ್ಚಲಕ್ಕಿ ಮಾಡಿಸಿದಾಗ ಅನ್ನಕ್ಕೆ ಲವಂಗದ ವಾಸನೆ ಇರಲಿಲ್ಲ, ಬೇಯಿಸಿ ಒಣಗಿಸುವಾಗಲೇ ಹೋಗಿತ್ತು. ಬೆಳ್ತಿಗೆ ಮಾಡಿಸುವವರು ಭತ್ತವನ್ನು ಎರಡು ದಿನ ಗಾಳಿಗೆ ಹರಡಿ ಗಿರಣಿಗೆ ಕೊಡುವುದು ಒಳ್ಳೆಯದು.

ಶೇಂಗಾ

ಗದ್ದೆ ಕೊಯ್ದ ಮೇಲೆ ಹಾಕಿದ ಶೇಂಗಾ ಏಪ್ರಿಲ್ ಕೊನೆಗೆ ಬಂದಿತ್ತು. ಅದಕ್ಕೂ ಇದೇ ಎಣ್ಣೆ ಹಚ್ಚಿ ನೋಡಿದ್ದು ಕೆಲಸಕ್ಕೆ ಬರಲಿಲ್ಲ. ಶೇಂಗಾದ ಅರ್ಧದಷ್ಟು ಎಣ್ಣೆಯೇ, ಅದು ಯೂಜಿನಾಲನ್ನು ಸಿಪ್ಪೆ ದಾಟಿ ಎಳೆದುಕೊಂಡಿತು. ಹುರಿದರೂ ಬಾಯಲ್ಲಿ ಹಲ್ಲುನೋವಿನ ಮದ್ದಿನ ರುಚಿ. ಶೇಂಗಾಕ್ಕೆ ಮಾಡಬೇಕಾದದ್ದು ಒಣಗಿಸುವುದು ಮತ್ತು ಆರಿಸುವುದು. ಕಾಯಿ ಕುಲುಕಿದರೆ ಒಳಗೆ ಬೀಜ ಗಲಗಲ ಎನ್ನಬೇಕು, ಬೀಜದ ತೇವ 7-8 ಪ್ರತಿಶತಕ್ಕೆ ಬರಬೇಕು. ಒಡೆದದ್ದು, ಗೆದ್ದಲು ಕಚ್ಚಿದ್ದು, ಮುರುಟಿದ್ದು, ಕಪ್ಪಾದದ್ದು ಇವುಗಳಲ್ಲೇ ವಿಷದ ಬಹುಪಾಲು ಇರುತ್ತದೆ. ಕೈಯಿಂದ ಆರಿಸಿ ತೆಗೆದರೆ ಅದು ಯಾವ ಎಣ್ಣೆಗಿಂತ ಹೆಚ್ಚಿನ ಕೆಲಸ. 365 ನ್ಯಾನೋಮೀಟರಿನ ನೇರಳಾತೀತ ಬೆಳಕಿನ ಟಾರ್ಚ್ 600 ರೂಪಾಯಿಗೆ ತಂದು ಕತ್ತಲಲ್ಲಿ ನೋಡಿದೆ. ಹೊಳೆದ, ಅಂದರೆ ಬೂಷ್ಟಿನ ಅನುಮಾನವಿರುವ, ಬೀಜಗಳನ್ನು ತೆಗೆದೆ. ಹೊಳೆಯದ್ದೆಲ್ಲ ಶುದ್ಧ ಎಂದು ಮಾತ್ರ ಅದನ್ನು ನಂಬಬಾರದು.

ಬಿತ್ತನೆ ಬೀಜ

ಬಿತ್ತನೆಯ ಭತ್ತವನ್ನು ಈ ಆವಿಗೆ ಒಡ್ಡಬೇಡಿ. ಭರಣಿಯಲ್ಲಿ ತಿಂಗಳಿಟ್ಟ ಒಣ ಬೀಜ ತಲಾ 100 ಕಾಳು ಒದ್ದೆ ಬಟ್ಟೆಯಲ್ಲಿ ಮೊಳಕೆಗಿಟ್ಟೆ. ಬರೀ ಬೀಜ 92 ಮೊಳೆಯಿತು, ಲವಂಗದೆಲೆಯದು 78, ಮಜ್ಜಿಗೆ ಹುಲ್ಲಿನದು 61. ಬೂಷ್ಟಿನ ಮೊಳಕೆ ತಡೆಯುವಂಥದ್ದು ಭತ್ತದ ಮೊಳಕೆಯನ್ನೂ ಬಿಡುವುದಿಲ್ಲ. ಬೀಜವನ್ನು ಇನ್ನೂ ಚೆನ್ನಾಗಿ ಒಣಗಿಸಿ, ಹುರಿದು ತಣಿಸಿದ ಹೆಂಚಿನ ಚೂರಿನ ಒಂದು ಪೊಟ್ಟಣದ ಜೊತೆ ಎಣ್ಣೆಯಿಲ್ಲದೆ ಡಬ್ಬಿಯಲ್ಲಿ ಮುಚ್ಚಿಟ್ಟೆ.

ಖರ್ಚು

ಡ್ರಮ್ ಒಂದಕ್ಕೆ 1,300, ತಾಮ್ರದ ಕೊಳವೆ ಮತ್ತು ಜೋಡಣೆ 1,150, ಹೈಗ್ರೋಮೀಟರ್ 300, ಟಾರ್ಚ್ 600, ಸೀಸೆ-ಸಿರಿಂಜು-ಮಾಸ್ಕ್ ಎಲ್ಲ ಸೇರಿ 350. ಎಲೆ, ಬಿದಿರು, ಹೆಂಚು, ಕಟ್ಟಿಗೆ ಮನೆಯದ್ದೇ. ಪ್ರಯೋಗಾಲಯದ ಶುಲ್ಕ ಎಲ್ಲಕ್ಕಿಂತ ಭಾರವಾಯಿತು. ನಾಲ್ಕೈದು ಮನೆಯವರು ಸೇರಿ ಕಳಿಸಿದರೆ ಹಗುರ.

ಈ ಸಲ ಫೆಬ್ರವರಿಯಲ್ಲೇ ಎಲೆ ತರಿಸಿ 100 ಮಿಲಿಲೀಟರ್ ಇಳಿಸಿಟ್ಟುಕೊಳ್ಳುತ್ತೇನೆ. ನಾಲ್ಕು ತಿಂಗಳಿಗೆ ಒಂದು ಡ್ರಮ್ಮಿಗೆ ಮೊದಲ ತುಂಬುವಿಕೆ ಸೇರಿ 45 ಮಿಲಿಲೀಟರ್ ಬೇಕಾಯಿತು, ಎರಡು ಡ್ರಮ್ಮಿಗೆ 90. ಬಿದಿರಿನ ಬಾಯಿಗೆ ಈಗ ಇರುವ ಬಟ್ಟೆಯ ಬಿರಡೆ ಸಡಿಲ, ಎಣ್ಣೆ ಬೇಗ ಮೇಲಕ್ಕೇ ಹಾರುತ್ತಿದೆ. ಅದಕ್ಕೆ ತೆಂಗಿನ ಚಿಪ್ಪಿನ ಮುಚ್ಚಳ ಕೆತ್ತಿಸಲು ಕೊಟ್ಟಿದ್ದೇನೆ.